ತುಂಗೆಯ ದಂಡೆಗುಂಟ ಏಳರ ನಡೆ

ನವರಾತ್ರಿಯಲ್ಲಿ ಮಲೆನಾಡಿಗೆ ಬಂದರೆ ಸಂಗೀತಕ್ಕಾಗಿ ಹುಡುಕಾಡಬೇಕಾಗಿಲ್ಲ. ಶಿವಮೊಗ್ಗದ ದೇವಸ್ಥಾನಗಳಲ್ಲಿ ಕರ್ನಾಟಕ ಸಂಗೀತದ ಕಚೇರಿ, ದಸರಾ ವೇದಿಕೆಯಲ್ಲಿ ಭಾವಗೀತೆ, ತೀರ್ಥಹಳ್ಳಿ ಸೀಮೆಯ ಮನೆಯಂಗಳಗಳಲ್ಲಿ ತಾಳಮದ್ದಳೆ, ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಯ ಸಂಗೀತ ಸೇವೆ, ಸಾಗರದ ಕಡೆ ಹಿಂದೂಸ್ತಾನಿ ಬೈಠಕ್. ಒಂದೊಂದೂ ಬಸ್ಸಿನಲ್ಲಿ ಕೆಲವೇ ಗಂಟೆಗಳ ದೂರ. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟು ಬಗೆಯ ಹಾಡಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಮೃದಂಗ ಕಲಿಯುತ್ತಿರುವವನು. ಎಲ್ಲ ತಾಳಗಳಿಗಿಂತ ಮಿಶ್ರಛಾಪು ನನಗೆ ಪ್ರಿಯ. 7 ಅಕ್ಷರದ ತಾಳ ಅದು. 3 ಮತ್ತು 4 ಆಗಿ ಒಡೆಯುತ್ತದೆ, ಬಾಯಲ್ಲಿ ಹೇಳುವಾಗ ‘ತಕಿಟ ತಕಧಿಮಿ’. ಆದಿತಾಳದ ಎಂಟರಲ್ಲಿ ಕಾಲೂರಿ ನಿಂತ ನೆಮ್ಮದಿಯಿದೆ. ಏಳರಲ್ಲಿ ಒಂದಕ್ಷರ ಮೊದಲೇ ಸಮ, ಅಂದರೆ ಮುಂದಿನ ಸುತ್ತಿನ ಮೊದಲ ಅಕ್ಷರ, ಬಂದುಬಿಡುವುದರಿಂದ ಹಾಡು ಸದಾ ಮುಂದಕ್ಕೆ ಬಾಗಿಕೊಂಡೇ ಇರುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯೂ 3-4ರ ಗಣಗಳಲ್ಲೇ ಸಾಗುತ್ತದೆ ಎನ್ನುವುದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗಲೇ ಗೊತ್ತಿತ್ತು. ಅದನ್ನೂ ಮಿಶ್ರಛಾಪನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದು ಮೃದಂಗದ ಮುಂದೆ ಕುಳಿತ ಮೇಲೆ. ಈ ಸಲ ರಜೆ ಹಾಕಿ ಹೊರಟಾಗ ಮನಸ್ಸಿನಲ್ಲಿದ್ದದ್ದು ಅದೇ. ಬೇರೆ ಬೇರೆ ಸಂಗೀತಗಳಲ್ಲಿ ಏಳು ಹೇಗೆ ನಡೆಯುತ್ತದೆ ಎಂಬುದನ್ನು ಕಿವಿಯಾರೆ ಕೇಳಬೇಕು.

ಜೊತೆಗೆ ಶಿವಮೊಗ್ಗದ ಸೋದರಮಾವ. ನಿವೃತ್ತ ಕನ್ನಡ ಮೇಷ್ಟರು, ಗಮಕವೆಂದರೆ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವುದೆಂದರೆ, ಊಟ ಬಿಟ್ಟು ಕೂರುವವರು. ತಾಳದ ಮೇಲೆ ನನಗೆ ಎಷ್ಟು ಪ್ರೀತಿಯೋ ಅವರಿಗೆ ಅಷ್ಟೇ ಅನುಮಾನ. ದಾರಿಯುದ್ದಕ್ಕೂ ನಮ್ಮಿಬ್ಬರ ವಾದ ನಡೆದೇ ಇತ್ತು. ಹಾಡಿದವರ, ನುಡಿಸಿದವರ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಹೆಚ್ಚಿನವರು ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಪ್ರೀತಿಗೆ ಹಾಡುವವರು. ಅವರನ್ನು ಕೇಳದೆ ಬರೆಯುವುದು ಸರಿಯಲ್ಲ.

ಶನಿವಾರ, ಶಿವಮೊಗ್ಗ

ಮಧ್ಯಾಹ್ನ ರೈಲಿಳಿದಾಗ ಮೋಡ ಮುಸುಕಿತ್ತು. ಮಾವನ ಮನೆಯಲ್ಲಿ ಬೊಂಬೆ ಕೂರಿಸಿದ್ದರು. ಅತ್ತೆ ಬಿಸಿ ಅನ್ನಕ್ಕೆ ಒಂದೆಲಗದ ತಂಬುಳಿ ಬಡಿಸಿದರು. ಐದೂವರೆಗೆಲ್ಲ ನಾವು ದೇವಸ್ಥಾನದ ಚಪ್ಪರದಡಿ ಕುಳಿತಿದ್ದೆವು.

ಕಚೇರಿಗೆ ಅರ್ಧ ಗಂಟೆ ಮುಂಚೆ ಹೋಗುವುದು ನನ್ನ ರೂಢಿ, ವಾದ್ಯಗಳನ್ನು ಸಜ್ಜುಗೊಳಿಸುವುದನ್ನು ನೋಡಬೇಕು ಎಂಬ ಆಸೆಗೆ. ಮೃದಂಗದವರು ಡಬ್ಬಿಯಿಂದ ರವೆ ತೆಗೆದು, ಅಂಗೈಯಲ್ಲೇ ನೀರು ಹಾಕಿ ನಾದಿದರು. ಆ ಮುದ್ದೆಯನ್ನು ಎಡ ಮುಖದ ನಡುವೆ ಅಂಟಿಸಿ ಹೆಬ್ಬೆರಳಿನಿಂದ ದುಂಡಗೆ ಹರಡಿದರು. ರವೆ ಹೆಚ್ಚಾದರೆ ನಾದ ಮಂಕಾಗುತ್ತದೆ, ಕಡಿಮೆಯಾದರೆ ಎಡಗೈಯ ಆ ಆಳವಾದ ಗುಮುಕಿ ಹುಟ್ಟುವುದಿಲ್ಲ. ಎರಡು ಸಲ ಬಡಿದು ನೋಡಿ, ಒಂದು ಚಿಟಿಕೆಯಷ್ಟನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಬಲ ಮುಖ. ಅಂಚಿನ ಮೇಲೆ ಮರದ ತುಂಡು ಇಟ್ಟು ಕಲ್ಲಿನಿಂದ ಏಟು ಹಾಕುತ್ತಾ ಸುತ್ತಲೂ ಬಂದರು. ಮಲೆನಾಡಿನ ತೇವದಲ್ಲಿ ಚರ್ಮ ಸಡಿಲಾಗುತ್ತದೆ. ಹೊಂದಿಸಿ ಹತ್ತು ನಿಮಿಷವಾಗುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಅಂದು ಪ್ರತಿ ಕೃತಿ ಮುಗಿದಾಗಲೂ ಅವರ ಕೈ ಕಲ್ಲಿನ ಕಡೆಗೇ ಹೋಗುತ್ತಿತ್ತು. ಗಾಯಕಿ ಬೇಸರಿಸದೆ ಕಾದರು, ತಂಬೂರಿಯೊಂದೇ ಮೀಟುತ್ತಿತ್ತು. ಆ ಕಾಯುವಿಕೆಯೂ ನನಗೆ ಇಷ್ಟವಾಯಿತು. ಶ್ರುತಿ ಸೇರದೆ ಮುಂದಿನ ಹಾಡಿಗೆ ಹೋಗುವುದಿಲ್ಲ ಎಂಬ ಹಟ ಎಲ್ಲ ಕಚೇರಿಗಳಲ್ಲೂ ಕಾಣುವುದಿಲ್ಲ.

ವರ್ಣ, ಗಣಪತಿಯ ಮೇಲೊಂದು ಕೃತಿ, ಒಂದೆರಡು ಚಿಕ್ಕ ಕೀರ್ತನೆಗಳು ಬೇಗ ಬೇಗ ಬಂದು ಹೋದವು. ಪಿಟೀಲಿನವರು ಕಲ್ಪನಾಸ್ವರಕ್ಕೆ ಕೊಟ್ಟ ಉತ್ತರಗಳು ಗಾಯಕಿಯ ಪ್ರಶ್ನೆಗಳಿಗಿಂತ ಚುರುಕಾಗಿದ್ದವು. ಆಮೇಲೆ ಆನಂದಭೈರವಿ. ಶ್ಯಾಮಾಶಾಸ್ತ್ರಿಗಳ ‘ಮರಿವೇರೆ ಗತಿ’, ಮಿಶ್ರಛಾಪು. ನವರಾತ್ರಿಗೆ ಇದಕ್ಕಿಂತ ತಕ್ಕದ್ದು ಬೇರೆ ಯಾವುದು? ತಂಜಾವೂರಿನ ಬಂಗಾರು ಕಾಮಾಕ್ಷಿಯನ್ನು ಬದುಕಿನುದ್ದಕ್ಕೂ ಪೂಜಿಸಿದ ಶಾಸ್ತ್ರಿಗಳು (1762–1827) ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಎಲ್ಲರಿಗಿಂತ ಕಡಿಮೆ ಕೃತಿಗಳನ್ನು ಬಿಟ್ಟುಹೋದವರು. ಆದರೆ ಛಾಪು ತಾಳದ ಒಳಗಿನ ತಿರುವುಗಳನ್ನು ಅವರಷ್ಟು ಬಲ್ಲವರಿಲ್ಲ. ಗಾಯಕಿ ನಿಧಾನ ಕಾಲಪ್ರಮಾಣ ಹಿಡಿದರು. ಮಿಶ್ರಛಾಪನ್ನು ಓಡಿಸುವುದು ಸುಲಭ, ಹಿಡಿದು ನಿಲ್ಲಿಸುವುದು ಕಷ್ಟ. ಸಾಲನ್ನು ಬದಲಿಸಿ ಬದಲಿಸಿ ಹಾಡುವ ಪ್ರತಿ ಸಂಗತಿಯಲ್ಲೂ ಮೂರರ ತುದಿಯಲ್ಲಿ ಕೂದಲೆಳೆಯಷ್ಟು ತಡೆದು ನಾಲ್ಕಕ್ಕೆ ಇಳಿಯುತ್ತಿದ್ದರು.

ಮೃದಂಗವೊಂದೇ ನುಡಿಯುವ ತನಿ ಆವರ್ತನ ದೊಡ್ಡದೇನಲ್ಲ, ಆದರೆ ಲೆಕ್ಕ ನಿರ್ಮಲವಾಗಿತ್ತು. ಮುಕ್ತಾಯಕ್ಕೆ ಅವರು ಬಳಸಿದ ಒಂದು ತುಣುಕನ್ನು ಇಲ್ಲಿ ಬರೆಯಲೇಬೇಕು. ‘ತದಿಗಿಣತೊಂ’ ಎಂಬುದು 5 ಅಕ್ಷರ. ಅದನ್ನು ಮೂರು ಸಲ ನುಡಿಸಿದರೆ 15. ನಡುವಿನ ಎರಡು ಬಿಡುವುಗಳಿಗೆ ಮೂರು ಮೂರು ಅಕ್ಷರ ಕೊಟ್ಟರೆ ಇನ್ನೂ 6. ಒಟ್ಟು 21, ಅಂದರೆ ಏಳರ ಮೂರು ಆವರ್ತ. ಸಮದಲ್ಲಿ ಎತ್ತಿಕೊಂಡರೆ ಸರಿಯಾಗಿ ಸಮಕ್ಕೇ ಬಂದು ಕೂರುತ್ತದೆ. ಕಲಿಯುವವರಿಗೆ ಮೊದಲ ವರ್ಷವೇ ಹೇಳಿಕೊಡುವಂಥ ಲೆಕ್ಕ. ಇವರ ಕೈಯಲ್ಲಿ ಆ ಮೂರಕ್ಷರದ ಮೌನವೇ ನಾದಕ್ಕಿಂತ ಜೋರಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿ ಸೇವಂತಿಗೆ ಮಾಲೆ ಕಟ್ಟುತ್ತಾ ಕುಳಿತಿದ್ದ ಅಜ್ಜಿಯೊಬ್ಬರ ಬೆರಳುಗಳು ಎರಡೂ ಬಿಡುವುಗಳಲ್ಲಿ ನಿಂತು, ‘ತ’ ಬಿದ್ದೊಡನೆ ಮತ್ತೆ ಗಂಟು ಹಾಕತೊಡಗಿದವು. ಅವರು ತಲೆ ಎತ್ತಿ ವೇದಿಕೆಯನ್ನು ನೋಡಲೂ ಇಲ್ಲ.

“ಚೆನ್ನಾಗಿತ್ತು. ಆದರೆ ಆ ಹದಿನೈದು ನಿಮಿಷ ಸಾಹಿತ್ಯ ಎಲ್ಲಿಗೆ ಹೋಗಿತ್ತು?” ಎಂದು ಮಾವ ಹೊರಗೆ ಬಂದ ಮೇಲೆ ಕೇಳಿದರು.

“ಮೃದಂಗದಲ್ಲೇ ಇತ್ತು ಮಾವ. ಅದೇ ಸಾಹಿತ್ಯದ ನಡಿಗೆಯನ್ನೇ ಅವರು ನುಡಿಸಿದ್ದು.”

“ನಾಳೆ ಬಾ, ತೋರಿಸುತ್ತೇನೆ” ಎಂದರು.

ಭಾನುವಾರ, ಹೊಸಹಳ್ಳಿ

ಶಿವಮೊಗ್ಗದಿಂದ ಹತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ತುಂಗೆಯ ಆಚೆ ಈಚೆ ದಂಡೆಗಳಲ್ಲಿರುವ ಅವಳಿ ಊರುಗಳು ಮತ್ತೂರು ಮತ್ತು ಹೊಸಹಳ್ಳಿ. ಸಂಕೇತಿ ಬ್ರಾಹ್ಮಣರ ಊರುಗಳು. ಮತ್ತೂರು ಸಂಸ್ಕೃತಕ್ಕೆ ಹೆಸರಾದದ್ದು, ಹೊಸಹಳ್ಳಿ ಗಮಕಕ್ಕೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಗಮಕ ಎಂದರೇನು ಎಂದು ದೇಶದ ಪತ್ರಿಕೆಗಳೆಲ್ಲ ವಿವರಿಸಿ ಬರೆಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮಾವ ಅವರ ವಾಚನವನ್ನು ಹರೆಯದಿಂದ ಕೇಳುತ್ತಾ ಬಂದವರು. ಹೆಸರು ಹೇಳುವಾಗ ಈಗಲೂ ಧ್ವನಿ ತಗ್ಗಿಸುತ್ತಾರೆ.

ಮಾವನ ಪರಿಚಯದವರೊಬ್ಬರ ಮನೆಯ ಪಡಸಾಲೆಯಲ್ಲಿ ವಾಚನ. ಮೈಕ್ ಇರಲಿಲ್ಲ. ಮೂವತ್ತು ನಲವತ್ತು ಜನ ಚಾಪೆಯ ಮೇಲೆ. ಒಂದು ಕಡೆ ವಾಚನ ಮಾಡುವ ಗಮಕಿ, ಪಕ್ಕದಲ್ಲಿ ವ್ಯಾಖ್ಯಾನಕಾರರು, ಹಿಂದೆ ಶ್ರುತಿ ಪೆಟ್ಟಿಗೆ. ಅಷ್ಟೇ. ಮೃದಂಗ ಇಲ್ಲ, ತಬಲಾ ಇಲ್ಲ, ಗಮಕಿಯ ಕೈಯಲ್ಲಿ ತಾಳವೂ ಇಲ್ಲ. ಗಮಕದಲ್ಲಿ ರಾಗವಿದೆ, ಛಂದಸ್ಸಿದೆ, ತಾಳವಿಲ್ಲ. ಓದಿದ್ದು ಗದುಗಿನ ಭಾರತದ ಉದ್ಯೋಗಪರ್ವ, ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯ ಹೇಳುವ ಭಾಗ.

ಗಮಕಿ ಮೋಹನದಲ್ಲಿ ಎತ್ತಿಕೊಂಡರು. ಕೃಷ್ಣನ ಮಾತು ನಯವಾಗಿ, ಸಲುಗೆಯಿಂದ ಬಂತು. ನನ್ನ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಎಣಿಸತೊಡಗಿತು: ತಕಿಟ ತಕಧಿಮಿ, ತಕಿಟ ತಕಧಿಮಿ. ಮೊದಲ ಸಾಲಿನ 14 ಮಾತ್ರೆಗಳಿಗೆ ಸರಿಯಾಗಿ ಎರಡು ಆವರ್ತ ಸಿಕ್ಕಿತು. ಎರಡನೆಯ ಸಾಲಿನಲ್ಲಿ ಒಂದು ಸಂಬೋಧನೆ ಬಂತು. ಗಮಕಿ ಅದರ ಮೇಲೆ ನಿಂತರು, ಗಾಂಧಾರದಿಂದ ಪಂಚಮಕ್ಕೆ ಹೋಗಿ ಬಂದರು, ಅದೇ ಪದವನ್ನು ಇನ್ನೊಂದು ಸಲ ಕರೆದರು. ನನ್ನ ಎಣಿಕೆ ಅಲ್ಲಿಗೆ ಮುರಿಯಿತು. ಮಾವ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು.

“ಇಲ್ಲಿ ಎಣಿಸಬೇಡ. ಮಾತು ಕೇಳು.”

ಆಮೇಲೆ ಕೇಳಿದೆ. ಸಂಗತಿ ನಿಚ್ಚಳವಾಯಿತು. ಕುಮಾರವ್ಯಾಸನ ಪದಗಳು ಗಣದ ಗಡಿಯಲ್ಲೇ ಮುಗಿಯಬೇಕೆಂದೇನೂ ಇಲ್ಲ. ಮೂರರಲ್ಲಿ ಹುಟ್ಟಿದ ಪದ ನಾಲ್ಕರೊಳಗೆ ಕಾಲು ಚಾಚಿರುತ್ತದೆ. ಗಮಕಿ ಒಡೆಯುವುದು ಗಣದ ಪ್ರಕಾರವಲ್ಲ, ಅರ್ಥದ ಪ್ರಕಾರ. ಆದರೂ 3-4ರ ನಡಿಗೆ ಒಳಗೇ ಇರುತ್ತದೆ. ಹಾಡುವವರು ಎಷ್ಟೇ ಎಳೆದರೂ, ಎಳೆದದ್ದು ಎಂದು ನಮಗೆ ತಿಳಿಯುವುದೇ ಆ ನಡಿಗೆ ಕಿವಿಯಲ್ಲಿ ಇರುವುದರಿಂದ. ನಿಜ ತಿಳಿದ ಕರ್ಣನ ಸಂಕಟಕ್ಕೆ ಬಂದಾಗ ರಾಗ ಮುಖಾರಿಗೆ ತಿರುಗಿತು. ಒಂದು ಪದ್ಯವನ್ನು ಗಮಕಿ ಎಷ್ಟು ನಿಧಾನವಾಗಿ ಓದಿದರೆಂದರೆ, ಕೊನೆಯ ಸಾಲಿಗೆ ಮುಂಚೆ ಪಡಸಾಲೆಯಲ್ಲಿ ಯಾರೂ ಅಲುಗಲಿಲ್ಲ. ವ್ಯಾಖ್ಯಾನಕಾರರು ಆ ಪದ್ಯಕ್ಕೆ ತಕ್ಷಣ ಬಾಯಿ ತೆರೆಯಲಿಲ್ಲ. ನೀರು ಕುಡಿದು, ಕನ್ನಡಕ ತೆಗೆದು ಒರೆಸಿ, ಆಮೇಲೆ ಮಾತು ಶುರುಮಾಡಿದರು. ಒಳ್ಳೆಯ ವ್ಯಾಖ್ಯಾನಕಾರ ಎಲ್ಲಿ ಸುಮ್ಮನಿರಬೇಕೆಂದು ಬಲ್ಲವನು.

ಇಂಥ ವಾಚನಗಳನ್ನು ಶಾಲೆಗಳಲ್ಲಿ ಏಕೆ ಮಾಡಿಸುವುದಿಲ್ಲ ಎಂದು ನನಗೆ ನಿಜವಾಗಿಯೂ ಅರ್ಥವಾಗುವುದಿಲ್ಲ. ಹತ್ತನೆಯ ತರಗತಿಯ ಮಕ್ಕಳು ಭಾಮಿನಿಗೆ ಪ್ರಸ್ತಾರ ಹಾಕಿ ಅಂಕ ತೆಗೆಯುತ್ತಾರೆ, ಅದನ್ನು ಒಮ್ಮೆಯಾದರೂ ಕಿವಿಯಲ್ಲಿ ಕೇಳಿರುವುದಿಲ್ಲ. ಒಬ್ಬ ಗಮಕಿ, ಒಂದು ಶ್ರುತಿ ಪೆಟ್ಟಿಗೆ, ಒಂದು ಗಂಟೆ, ಖರ್ಚೇನೂ ಇಲ್ಲ.

ಸಂಜೆ ಶಿವಮೊಗ್ಗಕ್ಕೆ ಮರಳಿ ಭಾವಗೀತೆಯ ಕಾರ್ಯಕ್ರಮವೊಂದಕ್ಕೆ ಹೋದೆವು. ಈ ಜಿಲ್ಲೆಗೆ ಭಾವಗೀತೆಯ ನಂಟು ದೊಡ್ಡದು. ಕುವೆಂಪು, ಜಿ.ಎಸ್. ಶಿವರುದ್ರಪ್ಪ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಈ ನೆಲದವರು. ಅವರ ಸಾಲುಗಳನ್ನು ಮನೆಮನೆಗೆ ಮುಟ್ಟಿಸಿದ ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಅಂದಿನ ಎಳೆಯ ಗಾಯಕರು ಹಾಡಿದ್ದು ಚೆನ್ನಾಗಿಯೇ ಇತ್ತು. ಧ್ವನಿವರ್ಧಕ ಮಾತ್ರ ಕೇಳುಗರ ಎದೆಗೆ ಬಡಿಯುವಷ್ಟು ಜೋರು. ಕೀಬೋರ್ಡ್ ಮತ್ತು ರಿದಂ ಪ್ಯಾಡಿನ ಅಬ್ಬರದಲ್ಲಿ ಪದಗಳೇ ಮುಳುಗಿದವು. ಹಿಂದಿನ ಸಾಲಿಗೆ ಹೋಗಿ ಕುಳಿತರೂ ಪ್ರಯೋಜನವಾಗಲಿಲ್ಲ. ಭಾವಗೀತೆಯಲ್ಲಿ ಮಾತು ಕೇಳಿಸದಿದ್ದರೆ ಉಳಿಯುವುದೇನು? ಬೇಗ ಎದ್ದು ಬಂದೆವು.

ಸೋಮವಾರ, ತೀರ್ಥಹಳ್ಳಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಬಸ್ಸಿನ ಎಡಗಡೆ ಕಿಟಕಿ, ಬಲಗಡೆ ಕಿಟಕಿ ಎಂದು ಜಗಳವಾಡುವಂಥ ದಾರಿ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗೂಡುಗಳು. ಮಳೆಗಾಲ ಹಿಂದೆ ಸರಿಯುವ ಹೊತ್ತಿನಲ್ಲಿ ಕಾಡು ಇನ್ನೂ ಹನಿಯುತ್ತಿರುತ್ತದೆ. ಗದ್ದೆಗಳಲ್ಲಿ ಭತ್ತ ಹೊಡೆ ಒಡೆಯುತ್ತಿತ್ತು.

ತೀರ್ಥಹಳ್ಳಿ ತಾಲ್ಲೂಕಿನ ಆರಗವೇ ಪುರಂದರದಾಸರ ಹುಟ್ಟೂರು ಎಂಬ ವಾದ ಈಚಿನ ವರ್ಷಗಳಲ್ಲಿ ಬಲವಾಗಿದೆ. ಮಾವನಿಗೆ ಅದರಲ್ಲಿ ಸಂಶಯವೇ ಇಲ್ಲ. ನನಗೆ ಆ ವಾದದ ತೀರ್ಮಾನಕ್ಕಿಂತ ಮುಖ್ಯವಾದದ್ದು, ಇವತ್ತಿಗೂ ಸಂಗೀತ ಕಲಿಯುವ ಪ್ರತಿ ಮಗು ದಾಸರು ಹಾಕಿಕೊಟ್ಟರೆಂದು ನಂಬಿಕೆಯಿರುವ ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಬಾಯಿ ತೆರೆಯುತ್ತದೆ ಎಂಬುದು.

ರಾತ್ರಿ ತಾಳಮದ್ದಳೆ, ಪೇಟೆಯಿಂದ ಒಳಗೆ ತೋಟದ ನಡುವಿನ ಮನೆಯೊಂದರಲ್ಲಿ. ಮೊದಲು ಊಟ: ಪತ್ರೊಡೆ, ಕೊಟ್ಟೆ ಕಡುಬು, ಅಪ್ಪೆಹುಳಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪ್ರಸಂಗ ಸುಧನ್ವನದು. ಅರ್ಜುನನಾದವರು ವಾದದಲ್ಲಿ ಗಟ್ಟಿಗರು. ಸುಧನ್ವನಾದ ತರುಣ ಭಕ್ತಿಯಲ್ಲಿ ಅವರನ್ನು ಕಟ್ಟಿಹಾಕಿದ. ಆ ಮಾತಿನ ಮಲ್ಲಯುದ್ಧದ ಬಗ್ಗೆಯೇ ಒಂದು ಲೇಖನ ಬರೆಯಬಹುದು. ನನ್ನ ಕಿವಿ ಹಿಮ್ಮೇಳದ ಕಡೆಗಿತ್ತು.

ಭಾಗವತರ ಶ್ರುತಿ ಏರಿನದು. ಕೈಯಲ್ಲಿ ಪುಟ್ಟ ತಾಳಗಳ ಜೋಡಿ. ಎಡಗಡೆ ಮದ್ದಳೆ, ಬಲಗಡೆ ಚೆಂಡೆ. ಚೆಂಡೆಯನ್ನು ಬಯಲಲ್ಲಿ ಕೇಳಿದವರಿಗೆ ಜಗಲಿಯಲ್ಲಿ ಕೇಳುವುದು ಬೇರೆಯೇ ಅನುಭವ. ಅದನ್ನು ನುಡಿಸುವವರು ಮಾತಿನ ಹೊತ್ತಿನಲ್ಲಿ ಕೋಲುಗಳನ್ನು ತೊಡೆಯ ಮೇಲಿಟ್ಟು ಸುಮ್ಮನಿದ್ದು, ಯುದ್ಧದ ಪದ್ಯಕ್ಕೆ ಮಾತ್ರ ಎತ್ತಿಕೊಂಡರು. ತ್ರಿವುಡೆ ತಾಳದ ಪದ್ಯ ಬಂದಾಗ ನನಗೆ ರೋಮಾಂಚನ. ಅದೇ ಏಳು. ಆದರೆ ಆನಂದಭೈರವಿಯ ಏಳಿಗೂ ಇದಕ್ಕೂ ಎಷ್ಟು ಅಂತರ! ಅಲ್ಲಿ ಏಳು ಬಾಗುತ್ತಿತ್ತು, ಇಲ್ಲಿ ನೆಗೆಯುತ್ತದೆ. ಕುಣಿಯುವವರು ಎದುರಿಗೆ ಇಲ್ಲದಿದ್ದರೂ ತಾಳ ಅವರ ಹೆಜ್ಜೆಗಳನ್ನು ಮರೆತಿರಲಿಲ್ಲ. ಮದ್ದಳೆಯವರ ಎಡಗೈ ಮೂರನ್ನು ಒತ್ತಿ ಹೇಳಿದರೆ, ಉಳಿದ ನಾಲ್ಕು ಬಲಗೈ ಬೆರಳುಗಳಿಂದ ಉದುರುತ್ತಿತ್ತು. ಪದ್ಯದ ಕೊನೆಗೆ ಭಾಗವತರು ತಾಳಗಳನ್ನು ಎತ್ತಿ ಹಿಡಿದ ಮಾತ್ರಕ್ಕೆ ಇಬ್ಬರೂ ಒಟ್ಟಿಗೆ ಮುಕ್ತಾಯದ ಬಿಡ್ತಿಗೆ ನುಡಿಸಿ ನಿಂತರು. ಆಮೇಲೆ ಅರ್ಥಧಾರಿಯ ಮಾತು.

ನಡುವೆ ಭಾಗವತರು ಒಂದು ಭಾಮಿನಿ ಹಾಡಿದರು. ತಾಳಗಳನ್ನು ಮಡಿಲಲ್ಲಿ ಇಟ್ಟುಬಿಟ್ಟರು. ಮದ್ದಳೆ, ಚೆಂಡೆ ಎರಡೂ ಮೌನ. ಯಕ್ಷಗಾನದಲ್ಲಿ ಭಾಮಿನಿ, ವಾರ್ಧಕ, ಕಂದಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆಯೇ ಹಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಹೊಸಹಳ್ಳಿಯ ಮರುದಿನವೇ ಕೇಳಿದಾಗ ಅದು ಬೇರೆಯೇ ಆಗಿ ಕಂಡಿತು. ಎಲ್ಲವನ್ನೂ ತಾಳಕ್ಕೆ ಕೂರಿಸಬಲ್ಲ ಹಿಮ್ಮೇಳ ಎದುರಿಗಿದ್ದೂ, ಏಳರ ನಡಿಗೆಯ ಪದ್ಯಕ್ಕೆ ತ್ರಿವುಡೆ ತಾಳ ಕೈಯಲ್ಲೇ ಇದ್ದೂ, ಭಾಗವತರು ಅದನ್ನು ಬಿಟ್ಟೇ ಹಾಡುತ್ತಾರೆ. ಮಾವ ನನ್ನ ಕಡೆ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಮಂಗಳವಾರ, ಶೃಂಗೇರಿ

ಕೊಪ್ಪದ ಮೇಲೆ ಹಾದು ಮಧ್ಯಾಹ್ನಕ್ಕೆ ಶೃಂಗೇರಿ. ಜನಸಾಗರ. ವಿದ್ಯಾಶಂಕರ ದೇವಾಲಯದ 12 ರಾಶಿಕಂಬಗಳನ್ನು ಮಾವ ತಡವಿ ತಡವಿ ನೋಡಿದರು. ನಾನು ಹೊಳೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಕುಳಿತೆ. ಶೃಂಗೇರಿಯ ಶಾರದೆಯ ಕೈಯಲ್ಲಿ ವೀಣೆಯಿಲ್ಲ. ಜಪಮಾಲೆ, ಪುಸ್ತಕ, ಅಮೃತಕಲಶ, ಚಿನ್ಮುದ್ರೆ. ನವರಾತ್ರಿಯ ಅಲಂಕಾರಗಳಲ್ಲಿ ಮಾತ್ರ ಒಂದು ದಿನ ವೀಣಾ ಶಾರದೆಯಾಗಿ ಕಾಣಿಸುತ್ತಾಳೆ.

ಸಂಜೆಯ ಸೇವೆ ವೀಣೆಯದೇ. ಹೆಂಗಸೊಬ್ಬರು, ಐವತ್ತರ ಆಸುಪಾಸು. ಪಕ್ಕದಲ್ಲಿ ಮೃದಂಗ, ಘಟ. ಜಾಗ ಸಿಕ್ಕಿದ್ದು ವೇದಿಕೆಯ ಬಲಬದಿಯಲ್ಲಿ, ವಾದಕಿಯ ಬಲಗೈ ಪೂರ್ತಿ ಕಾಣುವಂತೆ. ಇದಕ್ಕಿಂತ ಒಳ್ಳೆಯ ಜಾಗ ನನಗೆ ಬೇಕಿರಲಿಲ್ಲ. ವೀಣೆಗೆ 24 ಮೆಟ್ಟಿಲು, ಮೇಲೆ 4 ತಂತಿ. ಪಕ್ಕದಲ್ಲಿ ತಾಳಕ್ಕೆಂದೇ ಇರುವ 3 ತಂತಿ. ತೋರುಬೆರಳು, ನಡುಬೆರಳು ರಾಗ ಮೀಟುತ್ತಿರುವಾಗ ಕಿರುಬೆರಳು ಆ ಮೂರು ತಂತಿಗಳನ್ನು ಸವರಿ ತಾಳ ಹಾಕುತ್ತದೆ. ಹಾಡುವವರು ತೊಡೆಯ ಮೇಲೆ ಹಾಕುವ ತಾಳವನ್ನು ವೈಣಿಕರು ನಾದದಲ್ಲೇ ಹಾಕುತ್ತಾರೆ.

ಅವರು ಆರಿಸಿಕೊಂಡದ್ದು ಪೂರ್ವಿಕಲ್ಯಾಣಿ. ಆಲಾಪನೆ ಹತ್ತು ನಿಮಿಷಕ್ಕಿಂತ ಹೆಚ್ಚಿರಲಿಲ್ಲ, ತಾನ ಅದಕ್ಕಿಂತ ಉದ್ದ. ತಾನದಲ್ಲಿ ವೀಣೆಯನ್ನು ಮೀರಿಸುವ ವಾದ್ಯವಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆಮೇಲೆ ಬಂದದ್ದು ಶ್ಯಾಮಾಶಾಸ್ತ್ರಿಗಳ ‘ನಿನ್ನುವಿನಾಗ ಮರಿ’. ಶನಿವಾರ ಕೇಳಿದ ಶಾಸ್ತ್ರಿಗಳೇ, ಅದೇ ಏಳು, ಆದರೆ ತಿರುಗುಮುರುಗು: ಮೊದಲು 4, ಆಮೇಲೆ 3. ಇದಕ್ಕೆ ವಿಲೋಮ ಛಾಪು ಎನ್ನುತ್ತಾರೆ. ಕಾಗದದ ಮೇಲೆ ನೋಡಿದರೆ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಕಿರುಬೆರಳನ್ನು ನೋಡುತ್ತಾ ಕೇಳಿ. ಮೊದಲ ಸವರು ಬಿದ್ದ ಮೇಲೆ ಎರಡನೆಯದು ಬರುವ ಹೊತ್ತು ದೀರ್ಘ, ಆಮೇಲಿನದು ಗಿಡ್ಡ. ಮಿಶ್ರಛಾಪಿನಲ್ಲಿ ಆವರ್ತದ ಕೊನೆಯಲ್ಲಿ ಉಸಿರಾಡಲು ಸಿಗುವ ಜಾಗ ಇಲ್ಲಿ ಮೊದಲಲ್ಲೇ ಮುಗಿದಿರುತ್ತದೆ, ಕೊನೆಯಲ್ಲಿ ಅವಸರ. ದೇವಿಯನ್ನು ಮೊರೆಯಿಡುವ ಸಾಹಿತ್ಯಕ್ಕೆ ಈ ಅವಸರ ಎಷ್ಟು ಚೆನ್ನಾಗಿ ಒಪ್ಪುತ್ತದೆ! ನೀನಲ್ಲದೆ ನನಗೆ ಇನ್ನಾರು ಎಂದು ಕೇಳುವವನು ಸಾವಧಾನವಾಗಿ ಕೇಳಲಾರ.

ಇದನ್ನೇ ಮಾವನಿಗೆ ಹೇಳಿದೆ. ಮಾತು ಹೇಳಬೇಕಾದ್ದನ್ನು ಇಲ್ಲಿ ತಾಳವೇ ಹೇಳುತ್ತಿದೆ, ವೀಣೆಯಲ್ಲಿ ಸಾಹಿತ್ಯವೂ ಇಲ್ಲ, ಆದರೂ ಮೊರೆ ಕೇಳಿಸಿತಲ್ಲವೇ ಎಂದೆ. ಮಾವ ತಕ್ಷಣ ಒಪ್ಪುವವರಲ್ಲ. ಮಠದಲ್ಲಿ ರಾತ್ರಿಯ ನವರಾತ್ರಿ ದರ್ಬಾರು ಮುಗಿದು ವಸತಿಗೃಹಕ್ಕೆ ನಡೆಯುವಾಗ, “ಕೇಳಿಸಿತು ಕಣೋ” ಎಂದರು.

ಬುಧವಾರ, ಸಾಗರ

ಇಡೀ ದಿನ ಬಸ್ಸು. ತೀರ್ಥಹಳ್ಳಿಗೆ ಮರಳಿ, ಹೊಸನಗರ ಹಾದು ಸಾಗರ. ಹೊಸನಗರದ ಬಸ್ ನಿಲ್ದಾಣದಲ್ಲಿ ಮಳೆ ಹಿಡಿದುಕೊಂಡು ಒಂದು ಗಂಟೆ ಹೋಯಿತು. ತುಂಗೆಯ ಸೀಮೆ ಬಿಟ್ಟು ಶರಾವತಿಯ ಸೀಮೆಗೆ ಬಂದಿದ್ದೆವು.

ಸಾಗರದಿಂದ ಎಂಟೊಂಬತ್ತು ಕಿಲೋಮೀಟರಿನಲ್ಲಿರುವ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾಟಕ, ಸಿನಿಮಾ, ಸಂಗೀತ ಯಾವುದೇ ಇರಲಿ, ಕುಳಿತು ಗಮನವಿಟ್ಟು ನೋಡುವ, ಕೇಳುವ ಅಭ್ಯಾಸ ಸುತ್ತಲಿನ ಹಳ್ಳಿಗಳಿಗೆ ಹೇಗೆ ಹಿಡಿಯಿತು ಎಂಬುದಕ್ಕೆ ಈ ಬೈಠಕ್ಕಿಗೆ ಬಂದಿದ್ದ ಕೇಳುಗರೇ ಸಾಕ್ಷಿ. ತೋಟದ ಕೆಲಸ ಮುಗಿಸಿ ಬಂದವರು, ಕಾಲೇಜಿನ ಹುಡುಗಿಯರು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡ ತಾಯಂದಿರು. ಹೆಂಚಿನ ಮನೆಯ ಉದ್ದನೆಯ ಹಾಲಿನಲ್ಲಿ ಜಮಖಾನ ಹಾಸಿತ್ತು. ಒಬ್ಬರ ಮೊಬೈಲೂ ಹೊಡೆದುಕೊಳ್ಳಲಿಲ್ಲ.

ಗಾಯಕರು ಪೂರಿಯಾ ಧನಾಶ್ರೀ ಎತ್ತಿಕೊಂಡರು. ಬಡಾ ಖಯಾಲ್, ವಿಲಂಬಿತ ಏಕತಾಳ. 12 ಮಾತ್ರೆಗಳ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷದಷ್ಟು ಹಿಡಿಯುತ್ತಿತ್ತು. ಕರ್ನಾಟಕ ಸಂಗೀತದ ಕಿವಿಗೆ ಇದು ಮೊದಲು ತಾಳವೆಂದೇ ಕೇಳಿಸುವುದಿಲ್ಲ. ಗಮಕಕ್ಕೆ ಒಗ್ಗಿದ ಮಾವ ಮಾತ್ರ ಆರಾಮವಾಗಿ ಕುಳಿತಿದ್ದರು. ಮಾತುಗಳು ಒಂದೆರಡೇ, ಅವೂ ಸ್ವರದಲ್ಲಿ ಕರಗಿ ಹೋಗುತ್ತವೆ. ತಬಲಾದವರು ಠೇಕಾ, ಅಂದರೆ ತಾಳದ ಮೂಲ ಬೋಲುಗಳನ್ನು, ಬಿಟ್ಟು ಬೇರೇನೂ ನುಡಿಸಲಿಲ್ಲ. ಅಷ್ಟು ಹೊತ್ತು ಬರೀ ಠೇಕಾ ಹಿಡಿದು ಕೂರುವುದಕ್ಕೆ ಎಂಥ ಸಂಯಮ ಬೇಕು ಎಂದು ತಾಳವಾದ್ಯ ಹಿಡಿದವರಿಗೇ ಗೊತ್ತು. ಆದರೆ ಸಮ್‌ಗೆ ಕರೆದೊಯ್ಯುವ ಮುಖಡಾ ಸಮೀಪಿಸುವಾಗ ಹಾಲಿನಲ್ಲಿದ್ದವರೆಲ್ಲ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು, ಸಮ್ ಬಿದ್ದಾಗ ತಲೆಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು.

ಎರಡನೆಯದು ಬಾಗೇಶ್ರೀ, ಮಧ್ಯಲಯದ ರೂಪಕ್ ತಾಳ. ಮತ್ತೆ ಏಳು! 3-2-2. ‘ತೀ ತೀ ನಾ, ಧೀ ನಾ, ಧೀ ನಾ’. ಇದರ ವಿಶೇಷ ಏನೆಂದರೆ ಖಾಲಿ, ಅಂದರೆ ಭಾರವಿಲ್ಲದ ಪೆಟ್ಟು, ಬೀಳುವುದು ಮೊದಲ ಮಾತ್ರೆಯ ಮೇಲೆಯೇ. ಬೇರೆ ತಾಳಗಳಲ್ಲಿ ಸಮ್ ಎಂದರೆ ಭಾರ, ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ಆಳವಾದ ನಾದ ತುಂಬಿ ಬರುತ್ತದೆ. ರೂಪಕ್‌ನಲ್ಲಿ ಸಮ್ಮಿಗೆ ಬಾಯಾ ಸುಮ್ಮನಿರುತ್ತದೆ, ಭಾರ ನಾಲ್ಕನೆಯ ಮಾತ್ರೆಗೆ ಸರಿಯುತ್ತದೆ. ಗಾಯಕರು ಬಂದಿಶಿನ ಮುಖ್ಯ ಪದವನ್ನು ಆ ಖಾಲಿಯ ಮೇಲೆ ಇಟ್ಟಾಗ ಅದಕ್ಕೆ ಆಸರೆಯೇ ಇಲ್ಲ, ಧ್ವನಿಯೊಂದೇ. ಮೂರು ಮಾತ್ರೆಗಳ ನಂತರ ತಬಲಾ ಕೆಳಗಿನಿಂದ ಬಂದು ಎತ್ತಿಕೊಳ್ಳುತ್ತದೆ. ನಾನು ಬಲ್ಲ ಏಳುಗಳಲ್ಲಿ ಯಾವುದೂ ಮಾತಿಗೆ ಇಷ್ಟು ಜಾಗ ಬಿಟ್ಟುಕೊಟ್ಟಿರಲಿಲ್ಲ.

ಭೈರವಿಯೊಂದಿಗೆ ಮುಗಿಯುವಾಗ ಹನ್ನೊಂದು ದಾಟಿತ್ತು. ಮನೆಯವರು ಹಿಂದಿನ ಜಗಲಿಯಲ್ಲಿ ಚಹಾ, ತೊಡೆದೇವು ಇಟ್ಟಿದ್ದರು. ತಬಲಾದವರು ಬಂದು ನಮ್ಮ ಪಕ್ಕದಲ್ಲಿ ಕುಳಿತರು. ನಮ್ಮ ವಾದವನ್ನೆಲ್ಲ ಅವರ ಮುಂದೆ ಇಟ್ಟೆ. ಅವರು ಶ್ರದ್ಧೆಯಿಂದ ಕೇಳಿ, “ನೀವು ಒಂದು ಭಾಮಿನಿ ಹೇಳಿ ಸರ್, ನೋಡೋಣ” ಎಂದು ಮಾವನಿಗೆ ಹೇಳಿದರು. ಮಾವ ಹಿಂಜರಿಯಲಿಲ್ಲ. ಭಾನುವಾರ ಕೇಳಿದ ಕರ್ಣನ ಪದ್ಯವನ್ನೇ ಎತ್ತಿಕೊಂಡರು, ಎಳೆಯದೆ, ಗಣ ಹಿಡಿದು. ತಬಲಾದವರು ಮೇಜಿನ ಮೇಲೆ ರೂಪಕ್ ಹಾಕತೊಡಗಿದರು. ಪದ್ಯದ ಮೊದಲ ಮೂರು ಮಾತ್ರೆ ಖಾಲಿಯ ಮೇಲೆ ಬಿತ್ತು, ನಾಲ್ಕರ ಗಣಕ್ಕೆ ‘ಧೀ ನಾ, ಧೀ ನಾ’ ಸರಿಯಾಗಿ ಕೂತಿತು. ಒಂದನೆಯ ಸಾಲು ಎರಡು ಆವರ್ತ, ಎರಡನೆಯದು ಎರಡು. ಮೂರನೆಯ ಸಾಲಿಗೆ ಬಂದಾಗ ಮೂರು ಆವರ್ತ ಮುಗಿದು ಕೊನೆಯ ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಂದೇ ಉಳಿಯಿತು. ಭಾಮಿನಿಯ ಮೂರನೆಯ ಮತ್ತು ಆರನೆಯ ಸಾಲು 23 ಮಾತ್ರೆ. 21 ಹೋದರೆ ಎರಡು. ಆವರ್ತಕ್ಕೆ ಇನ್ನೂ ಐದು ಬೇಕು.

ಮಾವ ನಿಲ್ಲಿಸಿದರು. “ನೋಡಿ, ಇಲ್ಲಿ ಗಮಕಿ ಕಾಯುವುದಿಲ್ಲ. ಅರ್ಥ ಎಷ್ಟು ಕೇಳುತ್ತದೋ ಅಷ್ಟೇ ನಿಲ್ಲುತ್ತಾನೆ. ನಿಮ್ಮ ಐದು ಮಾತ್ರೆಗಾಗಿ ಕರ್ಣ ಕಾದು ನಿಲ್ಲಬೇಕೇ?”

ತಬಲಾದವರು ಸ್ವಲ್ಪ ಹೊತ್ತು ಯೋಚಿಸಿದರು. “ನೀವು ನಿಲ್ಲಬೇಡಿ ಸರ್. ಗುರು ಮುಗಿಸಿ ಸುಮ್ಮನಾಗಿ. ಆ ಐದು ನನಗೆ ಬಿಡಿ.”

ಮಾವ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮೂರನೆಯ ಸಾಲಿನ ಗುರು ಮುಗಿಯುತ್ತಲೇ ತಬಲಾದವರ ಬೆರಳುಗಳು ಐದು ಮಾತ್ರೆಯ ಸಣ್ಣದೊಂದು ಬೋಲನ್ನು ಮೇಜಿನ ಮೇಲೆ ಇಟ್ಟು, ನಾಲ್ಕನೆಯ ಸಾಲಿನ ಮೊದಲ ಅಕ್ಷರಕ್ಕೆ ಖಾಲಿ ಬಿಟ್ಟು ಸರಿದವು. ಮಾವ ಓದುತ್ತಾ ಹೋದರು. ಆರನೆಯ ಸಾಲಿಗೂ ಹಾಗೆಯೇ ಆಯಿತು. ಅಡುಗೆಮನೆಯಿಂದ ಯಾರೋ ಬಂದು ಬಾಗಿಲಲ್ಲಿ ನಿಂತರು. ಮಾವ ತಾವಾಗಿಯೇ ಮುಂದಿನ ಪದ್ಯವನ್ನೂ ಶುರುಮಾಡಿದರು.